ಮೂರು ಚುಕ್ಕಿ ಕಂಡರೆ ಹುಷಾರು: ದಶಮಾಂಶ ನೋಡಿ ಭಾಗಲಬ್ಧ, ಅಭಾಗಲಬ್ಧ ಗುರುತಿಸುವುದು ಹೇಗೆ

ಗಣಿತ ಪಾಠ ಶುರು ಮಾಡಿದ ಮೊದಲ ವರ್ಷವೇ ನಾನು ಬೋರ್ಡಿನ ಮೇಲೆ ಒಂದು ದೊಡ್ಡ ತಪ್ಪು ಬರೆದೆ. ಒಂಬತ್ತನೇ ಕ್ಲಾಸು, ಸಂಖ್ಯೆಗಳ ಅಧ್ಯಾಯ. ಅಂಕಿಗಳು ಮರುಕಳಿಸದ ದಶಮಾಂಶಕ್ಕೆ ತಕ್ಷಣ ಒಂದು ಉದಾಹರಣೆ ಬೇಕಿತ್ತು. ಮೇಜಿನ ಮೇಲಿದ್ದ ಕ್ಯಾಲ್ಕುಲೇಟರಿನಲ್ಲಿ 1 ಭಾಗಿಸು 17 ಒತ್ತಿದೆ. 0.0588235294 ಎಂದು ಬಂತು. "ನೋಡಿ, ಎಲ್ಲಾದರೂ ತಿರುಗಿ ಬಂತಾ? ಇಲ್ಲ. ಇಂಥದ್ದಕ್ಕೇ ಅಭಾಗಲಬ್ಧ ಅನ್ನೋದು" ಎಂದು ಹೇಳಿ, ಅದನ್ನೇ ಬರೆದು ಕೆಳಗೆ ಎರಡು ಗೆರೆ ಬೇರೆ ಎಳೆದೆ.

ಮಾರನೇ ದಿನ ಕೊನೆ ಬೆಂಚಿನ ಹುಡುಗಿಯೊಬ್ಬಳು ನೋಟ್‌ಬುಕ್ಕನ್ನು ಅಡ್ಡಕ್ಕೆ ತಿರುಗಿಸಿ ಹಿಡಿದುಕೊಂಡು ಬಂದಳು. ಪುಟದ ಅಗಲ ಸಾಲದೆ ಅಡ್ಡಡ್ಡ ಭಾಗಾಕಾರ ಮಾಡಿದ್ದಳು. 0.0588235294117647, ಅಲ್ಲಿಂದ ಮುಂದೆ ಮತ್ತೆ 0588. "ಮೇಡಂ, ಹದಿನಾರು ಅಂಕಿ ಆದ್ಮೇಲೆ ವಾಪಸ್ ಬರುತ್ತೆ. ಅಲ್ದೆ, ನೀವು ಒಂದರ ಕೆಳಗೆ ಹದಿನೇಳು ಅಂತ ತಾನೆ ಶುರು ಮಾಡಿದ್ದು? ಅದು ಭಿನ್ನರಾಶಿನೇ ಅಲ್ವಾ?"

ಅಲ್ಲವೇ ಮತ್ತೆ! ಅಂಕಿಗಳನ್ನು ದಿಟ್ಟಿಸುವ ಭರದಲ್ಲಿ ಸಂಖ್ಯೆ ಎಲ್ಲಿಂದ ಬಂತು ಎನ್ನುವುದನ್ನೇ ಮರೆತಿದ್ದೆ. ಮುಖ ಸಣ್ಣದಾಯಿತು. ಆದರೆ ಆ ಅಡ್ಡ ಪುಟದ ಅಂಚಿನಲ್ಲಿ ಇನ್ನೊಂದು ವಿಷಯವಿತ್ತು. ಪ್ರತಿ ಹೆಜ್ಜೆಯ ಶೇಷವನ್ನೂ ಅವಳು ಪೆನ್ಸಿಲಿನಲ್ಲಿ ಸಾಲಾಗಿ ಬರೆದಿಟ್ಟಿದ್ದಳು: 1, 10, 15, 14, 4, 6, 9, 5, 16, 7, 2, 3, 13, 11, 8, 12, ಮತ್ತೆ 1. ಆ ಕೊನೆಯ 1ಕ್ಕೆ ಒಂದು ಸುತ್ತು ಹಾಕಿದ್ದಳು. ಅಂದಿನಿಂದ ಈ ಪಾಠವನ್ನು ನಾನು ಆ ಪೆನ್ಸಿಲ್ ಸಾಲಿನಿಂದಲೇ ಶುರು ಮಾಡುತ್ತೇನೆ. ಇಲ್ಲಿಯೂ ಹಾಗೇ ಮಾಡುತ್ತೇನೆ, ಅದಕ್ಕೆ ಮೊದಲು ಹೆಸರಿನ ಬಗ್ಗೆ ಎರಡು ಮಾತು.

ಹೆಸರೇ ಹೇಳುತ್ತದೆ

ಭಾಗಲಬ್ಧ ಎಂದರೆ ಭಾಗಿಸಿದಾಗ ಲಭಿಸಿದ್ದು. ಒಂದು ಪೂರ್ಣಾಂಕವನ್ನು ಸೊನ್ನೆಯಲ್ಲದ ಇನ್ನೊಂದು ಪೂರ್ಣಾಂಕದಿಂದ ಭಾಗಿಸಿದರೆ ಸಿಗುವ ಸಂಖ್ಯೆ ಭಾಗಲಬ್ಧ ಸಂಖ್ಯೆ. ಯಾವ ಎರಡು ಪೂರ್ಣಾಂಕ ತಂದು ಭಾಗಿಸಿದರೂ ಸಿಗದೇ ಹೋಗುವುದು ಅಭಾಗಲಬ್ಧ. ಕನ್ನಡದಲ್ಲಿ ಒಂದು ಸಣ್ಣ ತೊಡಕಿದೆ. ಸಾಮಾನ್ಯ ಭಾಗಾಕಾರದ ಉತ್ತರಕ್ಕೂ ನಾವು ಭಾಗಲಬ್ಧ ಅಂತಲೇ ಹೇಳುತ್ತೇವೆ: 17ನ್ನು 5ರಿಂದ ಭಾಗಿಸಿದರೆ ಭಾಗಲಬ್ಧ 3, ಶೇಷ 2. "ಹಾಗಾದರೆ ಯಾವ ಭಾಗಲಬ್ಧ ಮೇಡಂ?" ಎಂದು ಪ್ರತಿ ವರ್ಷ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ಕೇಳಲಿ, ಒಳ್ಳೆಯದೇ. ಎರಡೂ ಒಂದೇ ಭಾಗಾಕಾರದ ಮಕ್ಕಳು. ಶೇಷ 2ನ್ನು ಹಾಗೇ ಬಿಟ್ಟು ಎದ್ದರೆ 3. ಶೇಷಕ್ಕೂ ಸೊನ್ನೆ ಇಳಿಸಿ ಭಾಗಿಸುತ್ತ ಹೋದರೆ 3.4.

ದಶಮಾಂಶದ ಲೆಕ್ಕದಲ್ಲಿ ನಿಯಮ ಎಲ್ಲರಿಗೂ ಬಾಯಿಪಾಠ ಇರುತ್ತದೆ. ಅಂಕಿಗಳು ಎಲ್ಲೋ ಒಂದು ಕಡೆ ಮುಗಿದರೆ, ಅಥವಾ ಮುಗಿಯದಿದ್ದರೂ ಒಂದು ಗುಂಪು ಹಾಗೇ ಮತ್ತೆ ಮತ್ತೆ ಬರುತ್ತಿದ್ದರೆ ಅದು ಭಾಗಲಬ್ಧ. ಮುಗಿಯುವುದೂ ಇಲ್ಲ, ಮರುಕಳಿಸುವುದೂ ಇಲ್ಲ ಎಂದಾದರೆ ಅಭಾಗಲಬ್ಧ. ಪಠ್ಯದ ಭಾಷೆಯಲ್ಲಿ ಅಂತ್ಯಗೊಳ್ಳುವ ದಶಮಾಂಶ, ಅಂತ್ಯಗೊಳ್ಳದ ಆವರ್ತ ದಶಮಾಂಶ, ಅಂತ್ಯಗೊಳ್ಳದ ಆವರ್ತವಲ್ಲದ ದಶಮಾಂಶ. ಬಾಯಿಪಾಠ ಇದ್ದವರೇ ಪರೀಕ್ಷೆಯಲ್ಲಿ ಎಡವುವುದು ಯಾಕೆಂದರೆ, ಈ ನಿಯಮಕ್ಕೆ ಅಂಕಿಗಳೆಲ್ಲವೂ ಗೊತ್ತಿರಬೇಕು. ನಮ್ಮ ಕಣ್ಣಿಗೆ ಬೀಳುವುದು ಮೊದಲ ಎಂಟೋ ಹತ್ತೋ ಅಂಕಿ.

ಶೇಷದ ಪಟ್ಟಿ ಮಾಡಿ

1ನ್ನು 7ರಿಂದ ಭಾಗಿಸೋಣ. ಎಡಕ್ಕೆ ಭಾಗಾಕಾರ, ಬಲಕ್ಕೆ ಒಂದು ಗೆರೆ ಎಳೆದು ಶೇಷದ ಪಟ್ಟಿ. ಪಟ್ಟಿಯ ತಲೆಯಲ್ಲಿ 1 ಬರೆಯಿರಿ. ಸೊನ್ನೆ ಇಳಿಸಿದರೆ 10. ಏಳೊಂದ್ಲಿ ಏಳು, ಅಂಕಿ 1, ಶೇಷ 3. ಸೊನ್ನೆ ಇಳಿಸಿದರೆ 30. ಏಳ್ನಾಲ್ಕ್ಲಿ ಇಪ್ಪತ್ತೆಂಟು, ಅಂಕಿ 4, ಶೇಷ 2. 20ರಲ್ಲಿ ಅಂಕಿ 2, ಶೇಷ 6. 60ರಲ್ಲಿ ಅಂಕಿ 8, ಶೇಷ 4. 40ರಲ್ಲಿ ಅಂಕಿ 5, ಶೇಷವೂ 5. 50ರಲ್ಲಿ ಅಂಕಿ 7, ಶೇಷ 1.

ಈ 1 ಆಗಲೇ ಪಟ್ಟಿಯ ತಲೆಯಲ್ಲಿದೆ. ಪೆನ್ನು ಕೆಳಗಿಡಿ. ಇನ್ನು ಮುಂದೆ ಸೊನ್ನೆ ಇಳಿಸಿದರೆ ಅದೇ 10, ಅದೇ ಅಂಕಿ 1, ಅದೇ ಶೇಷ 3. ಗಾಣಕ್ಕೆ ಕಟ್ಟಿದ ಎತ್ತಿನ ಹಾಗೆ ತುಳಿದದ್ದನ್ನೇ ತುಳಿಯುವುದು. 0.142857 142857 142857, ಎಷ್ಟು ದೂರ ಹೋದರೂ ಇಷ್ಟೇ.

ಎತ್ತು ಯಾಕೆ ಬೇರೆ ದಾರಿ ಹಿಡಿಯಲಾರದು? 7ರಿಂದ ಭಾಗಿಸುವಾಗ ಶೇಷ 0, 1, 2, 3, 4, 5, 6 ಇಷ್ಟರಲ್ಲಿ ಒಂದಾಗಿರಲೇಬೇಕು. 0 ಬಂತೋ, ಲೆಕ್ಕ ಮುಗಿಯಿತು; ದಶಮಾಂಶ ಅಂತ್ಯಗೊಂಡಿತು. 0 ಬರಲೇ ಇಲ್ಲವೆಂದರೆ ಉಳಿದಿರುವುದು ಆರೇ ಶೇಷ. ಪಟ್ಟಿಯಲ್ಲಿ ಏಳನೆಯದನ್ನು ಬರೆಯುವಷ್ಟರಲ್ಲಿ ಹಳೆಯದೊಂದು ಮತ್ತೆ ಬಂದೇ ತೀರಬೇಕು. ಛೇದ ಎಷ್ಟೇ ದೊಡ್ಡದಿರಲಿ, ಇದೇ ಮಾತು. ಹಾಗಾಗಿ ಭಿನ್ನರಾಶಿಯಾಗಿ ಹುಟ್ಟಿದ ಯಾವ ಸಂಖ್ಯೆಯೂ ಮುಗಿಯದೆ, ಮರುಕಳಿಸದೆ ಇರಲಾರದು. ನಾನು ಬೋರ್ಡಿನ ಮೇಲೆ ಬರೆದದ್ದು ಬರೀ ತಪ್ಪಾಗಿರಲಿಲ್ಲ, ಸಾಧ್ಯವೇ ಇಲ್ಲದ್ದಾಗಿತ್ತು.

ಆವರ್ತದ ಉದ್ದ ಛೇದಕ್ಕಿಂತ ಕನಿಷ್ಠ ಒಂದಾದರೂ ಕಡಿಮೆ ಇರುತ್ತದೆ. ಅಷ್ಟೂ ಉದ್ದ ಇರಲೇಬೇಕು ಅಂತೇನಿಲ್ಲ. 1/7ಕ್ಕೆ ಆರು, 1/17ಕ್ಕೆ ಹದಿನಾರು. ಆದರೆ 1/13ಕ್ಕೆ ಹನ್ನೆರಡಲ್ಲ, 076923 ಎಂಬ ಆರೇ ಅಂಕಿ. 1/11ಕ್ಕೆ 09 ಎಂಬ ಎರಡು, 1/37ಕ್ಕೆ 027 ಎಂಬ ಮೂರು. 1/97 ಮಾತ್ರ ಪೂರ್ತಿ 96 ಅಂಕಿ ಓಡಿಸಿ ಸುಸ್ತು ಮಾಡುತ್ತದೆ. ಕ್ಯಾಲ್ಕುಲೇಟರಿನ ಹತ್ತು ಅಂಕಿ ನೋಡಿ ಅದನ್ನು ಅಭಾಗಲಬ್ಧ ಎಂದರೆ, ಕಾದಂಬರಿಯ ಮೊದಲ ಪುಟ ಓದಿ ಕೊನೆ ಹೇಳಿದ ಹಾಗೆ.

ಇಲ್ಲಿ ಎರಡು ಕಡೆ ಕಾಲು ಜಾರುತ್ತದೆ. ಒಂದು: ಅಂಕಿ ಮತ್ತೆ ಬಂದರೆ ಆವರ್ತ ಬಂತು ಅಂದುಕೊಳ್ಳುವುದು. 1/17ರಲ್ಲಿ ಮೂರನೆಯ, ನಾಲ್ಕನೆಯ ಅಂಕಿ ಎರಡೂ 8. ಅಲ್ಲಿಗೇ ನಿಲ್ಲಿಸಿ, 8ರ ತಲೆಯ ಮೇಲೆ ಆವರ್ತದ ಗುರುತಾದ ಅಡ್ಡಗೆರೆ ಎಳೆದು ಕೊಟ್ಟ ಉತ್ತರಪತ್ರಿಕೆಗಳನ್ನು ನಾನು ಕಂಡಿದ್ದೇನೆ. ಶೇಷದ ಪಟ್ಟಿ ನೋಡಿದ್ದರೆ ಗೊತ್ತಾಗುತ್ತಿತ್ತು: ಮೊದಲ 8 ಬರೆದಾಗ ಉಳಿದದ್ದು 14, ಎರಡನೆಯ 8 ಬರೆದಾಗ ಉಳಿದದ್ದು 4. ಅಂಕಿ ಒಂದೇ, ಶೇಷ ಬೇರೆ. ಹಾಗಾಗಿ ಮುಂದಿನ ದಾರಿಯೂ ಬೇರೆ. ಸುತ್ತು ಹಾಕಬೇಕಾದದ್ದು ಶೇಷಕ್ಕೆ.

ಎರಡು: ಆವರ್ತ ಪಾಯಿಂಟ್ ಆದ ಕೂಡಲೇ ಶುರುವಾಗಬೇಕು ಅಂದುಕೊಳ್ಳುವುದು. 7/12 ಮಾಡಿ ನೋಡಿ. 70ರಲ್ಲಿ ಅಂಕಿ 5, ಶೇಷ 10. 100ರಲ್ಲಿ ಅಂಕಿ 8, ಶೇಷ 4. 40ರಲ್ಲಿ ಅಂಕಿ 3, ಶೇಷ 4. ಪಟ್ಟಿ 7, 10, 4, 4. ಮರಳಿ ಬಂದದ್ದು 4, ಶುರುವಿನ 7 ಅಲ್ಲ. ಆದ್ದರಿಂದ 0.58333…, ಅಡ್ಡಗೆರೆ 3ರ ಮೇಲೆ ಮಾತ್ರ. 5 ಮತ್ತು 8 ಒಂದು ಸಲ ಬಂದು ಹೋದ ನೆಂಟರು.

ಕ್ಯಾಲ್ಕುಲೇಟರ್ ಬಳಸುವವರಿಗೆ ಒಂದು ಮಾತು. 2ನ್ನು 3ರಿಂದ ಭಾಗಿಸಿದರೆ ಬಹಳಷ್ಟು ಯಂತ್ರಗಳು 0.6666666667 ಎಂದು ತೋರಿಸುತ್ತವೆ. ಕೊನೆಯ 7 ಸಂಖ್ಯೆಯದ್ದಲ್ಲ, ಯಂತ್ರ ಜಾಗ ಸಾಲದೆ ಸಮೀಪಕ್ಕೆ ತಂದದ್ದು. "ಕೊನೆಗೆ 7 ಬಂತು, ಹಾಗಾಗಿ ಮರುಕಳಿಸುವುದಿಲ್ಲ" ಎಂದು ವಾದಿಸಿದ ಹುಡುಗನೂ ಇದ್ದ. ತೆರೆಯ ಮೇಲಿನ ಕೊನೆಯ ಅಂಕಿಯನ್ನು ಯಾವತ್ತೂ ಸಾಕ್ಷಿಗೆ ಕರೆಯಬೇಡಿ.

ಭಾಗಿಸದೆಯೇ ಹೇಳಬೇಕಾದರೆ

ಭಿನ್ನರಾಶಿ ಕೊಟ್ಟು "ಅಂತ್ಯಗೊಳ್ಳುತ್ತದೆಯೇ, ಆವರ್ತವೇ?" ಎಂದು ಕೇಳಿದರೆ ಭಾಗಾಕಾರದ ಗೋಜೇ ಬೇಡ. ಛೇದವನ್ನು ಅವಿಭಾಜ್ಯಗಳಾಗಿ ಒಡೆಯಿರಿ. 2 ಮತ್ತು 5 ಬಿಟ್ಟು ಬೇರೆ ಯಾರೂ ಇಲ್ಲದಿದ್ದರೆ ಅಂತ್ಯಗೊಳ್ಳುತ್ತದೆ. 3, 7, 11 ಯಾರೇ ಒಬ್ಬರು ನುಸುಳಿದ್ದರೂ ಅಂತ್ಯಗೊಳ್ಳುವುದಿಲ್ಲ.

ಕಾರಣ ಸರಳ. ಅಂತ್ಯಗೊಳ್ಳುವ ದಶಮಾಂಶ ಎಂದರೆ 10, 100, 1000 ಇಂಥ ಛೇದವಿರುವ ಭಿನ್ನರಾಶಿ, ಮತ್ತು ಹತ್ತರೊಳಗೆ ಇರುವುದು 2 ಮತ್ತು 5 ಮಾತ್ರ. 7/80 ತೆಗೆದುಕೊಳ್ಳಿ. 80 ಅಂದರೆ ನಾಲ್ಕು 2, ಒಂದು 5. ಜೋಡಿ ಕೂಡಿಸಲು ಇನ್ನೂ ಮೂರು 5 ಬೇಕು, ಅಂದರೆ 125. ಮೇಲೂ ಕೆಳಗೂ 125ರಿಂದ ಗುಣಿಸಿದರೆ 875/10000, ಉತ್ತರ 0.0875. ನಾಲ್ಕು 2 ಇದ್ದುದರಿಂದ ನಾಲ್ಕು ಸ್ಥಾನ; ಎರಡರಲ್ಲಿ ಯಾವುದು ಹೆಚ್ಚು ಸಲ ಇದೆಯೋ ಅಷ್ಟು ಸ್ಥಾನ. ಛೇದದಲ್ಲಿ 3 ಇದ್ದರೆ ಯಾವುದರಿಂದ ಗುಣಿಸಿದರೂ ಅದು 10, 100, 1000ದ ಸಾಲಿಗೆ ಸೇರುವುದಿಲ್ಲ. 7/12ರಲ್ಲಿ ಎರಡು 2 ಇದ್ದದ್ದಕ್ಕೆ ಎರಡು ನೆಂಟರಂಕಿ, ಒಂದು 3 ಇದ್ದದ್ದಕ್ಕೆ ಆವರ್ತ.

ಪರೀಕ್ಷೆಯ ಪ್ರಶ್ನೆ ತಯಾರಿಸುವವರ ಅಚ್ಚುಮೆಚ್ಚಿನ ಗುಂಡಿ ಒಂದಿದೆ: 63/150. 150ರಲ್ಲಿ 3 ಇದೆ, ಹಾಗಾಗಿ ಆವರ್ತ ಎಂದು ಬರೆದು ಮುಂದಕ್ಕೆ ಹೋಗುತ್ತಾರೆ. ಆದರೆ 63ರಲ್ಲೂ 3 ಇದೆ. ಎರಡೂ ಹೊಡೆದುಹೋಗಿ 21/50 ಉಳಿಯುತ್ತದೆ, ಉತ್ತರ 0.42. ಮೊದಲು ಸಂಕ್ಷೇಪಿಸಿ, ಆಮೇಲೆ ಒಡೆಯಿರಿ. ಈ ಒಂದು ಕಾರಣಕ್ಕೆ ನಾನು ಕಳೆದ ಅಂಕಗಳನ್ನು ಕೂಡಿಸಿದರೆ ಒಂದು ಇಡೀ ತರಗತಿ ಪಾಸಾಗುತ್ತಿತ್ತೇನೋ.

ಒಂದು ಅಡ್ಡಮಾತು. ಮುಗಿಯುವುದು, ಮುಗಿಯದಿರುವುದು ಸಂಖ್ಯೆಯ ಗುಣವಲ್ಲ, ನಾವು ಹತ್ತರ ಲೆಕ್ಕದಲ್ಲಿ ಬರೆಯುವುದರ ಗುಣ. ಕಂಪ್ಯೂಟರ್ ಎರಡರ ಲೆಕ್ಕದಲ್ಲಿ ಬರೆಯುತ್ತದೆ, ಅಲ್ಲಿ ನಮ್ಮ ಪಾಪದ 0.1 ಕೂಡ 0.000110011001100… ಎಂದು ಮುಗಿಯದೆ ಓಡುತ್ತದೆ. ಅದಕ್ಕೇ ಎಷ್ಟೋ ಪ್ರೋಗ್ರಾಮುಗಳಲ್ಲಿ 0.1 ಮತ್ತು 0.2 ಕೂಡಿಸಿದರೆ 0.30000000000000004 ಬರುವುದು. ಆದರೆ ಭಾಗಲಬ್ಧವೋ ಅಭಾಗಲಬ್ಧವೋ ಎನ್ನುವುದು ಯಾವ ಲೆಕ್ಕದಲ್ಲಿ ಬರೆದರೂ ಬದಲಾಗುವುದಿಲ್ಲ.

ದಶಮಾಂಶದಿಂದ ಹಿಂದಕ್ಕೆ

ಮರುಕಳಿಸುವ ದಶಮಾಂಶ ಕೈಯಲ್ಲಿದ್ದರೆ ಅದರ ಭಿನ್ನರಾಶಿಯನ್ನು ಹಿಡಿದು ತರಬಹುದು. 2.4181818… ಇದೆ ಅನ್ನೋಣ. ಇದನ್ನು ಸ ಎಂದು ಕರೆಯಿರಿ. ಪಾಯಿಂಟನ್ನು ಆವರ್ತ ಶುರುವಾಗುವ ಜಾಗಕ್ಕೆ ತಳ್ಳಿ: 10ಸ = 24.181818… ಇನ್ನೂ ಒಂದು ಆವರ್ತದಷ್ಟು ತಳ್ಳಿ: 1000ಸ = 2418.181818… ಎರಡರ ಬಾಲವೂ ಒಂದೇ. ಕಳೆದರೆ ಬಾಲ ಅಳಿದು 990ಸ = 2394. ಸಂಕ್ಷೇಪಿಸಿದರೆ ಸ = 133/55. 55ರಲ್ಲಿ ಒಂದು 5 ಇದೆ, ಒಂದು ನೆಂಟರಂಕಿ ಬಂದಿತ್ತು, ತಾಳೆ ಆಯಿತು.

ಇದೇ ದಾರಿಯಲ್ಲಿ 0.999… ಎಂಬುದನ್ನು ಓಡಿಸಿದರೆ 10ಸ − ಸ = 9, ಸ = 1. ಇದನ್ನು ಒಪ್ಪದೆ ಮುನಿಸಿಕೊಂಡು ಹೋದವರಿದ್ದಾರೆ. ಒಪ್ಪಲೇಬೇಕು. 0.5ನ್ನು 0.4999… ಎಂದೂ ಬರೆಯಬಹುದು. ಸೊನ್ನೆಯೊಂದನ್ನು ಬಿಟ್ಟು ಅಂತ್ಯಗೊಳ್ಳುವ ಪ್ರತಿ ದಶಮಾಂಶಕ್ಕೂ ಹೀಗೆ ಎರಡು ವೇಷ ಇವೆ.

ಆ ಮೂರು ಚುಕ್ಕಿ

ಈಗ ನನ್ನ ನಿಜವಾದ ತಕರಾರಿಗೆ ಬರುತ್ತೇನೆ. "0.10110… ಇದು ಭಾಗಲಬ್ಧವೋ ಅಭಾಗಲಬ್ಧವೋ?" ಎಂಬಂಥ ಪ್ರಶ್ನೆಗಳು ಅಚ್ಚಾಗಿಯೇ ಬರುತ್ತವೆ. ಉತ್ತರವಿಲ್ಲದ ಪ್ರಶ್ನೆ ಅದು. ಮೂರು ಚುಕ್ಕಿ ಹೇಳುವುದು "ಮುಂದೆ ಇದೆ" ಎಂದಷ್ಟೇ. ಏನಿದೆ ಎಂದು ಹೇಳುವುದಿಲ್ಲ. ನಿಯಮ ಗೊತ್ತಿರಬೇಕು, ಇಲ್ಲವೇ ಸಂಖ್ಯೆಯ ಹುಟ್ಟು ಗೊತ್ತಿರಬೇಕು. ಎರಡೂ ಇಲ್ಲದೆ ಅಂಕಿ ನೋಡಿ ತೀರ್ಪು ಕೊಡುವುದು ಹಸ್ತಸಾಮುದ್ರಿಕ. ಚುಕ್ಕಿಯೇ ಇಲ್ಲದೆ 0.101001000100001 ಎಂದು ಬರೆದು ನಿಲ್ಲಿಸಿದ್ದರೆ ಅದು ಅಂತ್ಯಗೊಂಡಿದೆ, ಭಾಗಲಬ್ಧ, ನೋಡಲು ಎಷ್ಟೇ ವಿಚಿತ್ರವಾಗಿರಲಿ.

ನಿಯಮ ಕೊಟ್ಟಿದ್ದರೆ? 0.1010010001…, ಪ್ರತಿ 1ರ ನಂತರ ಹಿಂದಿನ ಸಲಕ್ಕಿಂತ ಒಂದು ಸೊನ್ನೆ ಜಾಸ್ತಿ ಎನ್ನೋಣ. "ಕ್ರಮ ಇದೆಯಲ್ಲ, ಆದ್ದರಿಂದ ಭಾಗಲಬ್ಧ" ಎಂದು ಅರ್ಧ ಕ್ಲಾಸು ಕೈ ಎತ್ತುತ್ತದೆ. ಕ್ರಮ ಇದೆ, ಆವರ್ತ ಇಲ್ಲ. ಇದನ್ನು ನಂಬಿಸಲು ನಾನು ಪಂದ್ಯ ಕಟ್ಟುತ್ತೇನೆ. ಯಾರಾದರೂ "ಐದು ಅಂಕಿಯ ಗುಂಪೊಂದು ಮರುಕಳಿಸುತ್ತದೆ" ಎನ್ನಲಿ. ಸರಿ, ಒಂದಲ್ಲ ಒಂದು ಕಡೆ ಸಾಲಾಗಿ ಇಪ್ಪತ್ತು ಸೊನ್ನೆ ಬರುವ ಜಾಗ ಇದೆ. ಐದರ ಗುಂಪು ಆ ಇಪ್ಪತ್ತರೊಳಗೆ ಪೂರ್ತಿ ಕೂರುತ್ತದೆ, ಅಂದರೆ ಗುಂಪಿನ ಐದೂ ಅಂಕಿ ಸೊನ್ನೆ. ಹಾಗಾದರೆ ಅಲ್ಲಿಂದ ಮುಂದೆ ಬರೀ ಸೊನ್ನೆ ಇರಬೇಕಿತ್ತು. ಆದರೆ ಇಪ್ಪತ್ತು ಮುಗಿದ ಕೂಡಲೇ 1 ಕೂತಿದೆ. ಐನೂರರ ಗುಂಪು ಅಂದರೂ ಎರಡು ಸಾವಿರ ಸೊನ್ನೆಯ ಜಾಗ ತೋರಿಸಬಲ್ಲೆ. ಇಲ್ಲಿಯವರೆಗೆ ಪಂದ್ಯ ಸೋತಿಲ್ಲ.

ಇದಕ್ಕೆ ಜೋಡಿಯಾಗಿ ನಾನು ಕೊಡುವ ಎರಡು ಸಂಖ್ಯೆಗಳನ್ನು ನೋಡಿ. ಒಂದು 0.123456789101112131415…, ಎಣಿಕೆಯ ಸಂಖ್ಯೆಗಳನ್ನು ಒಂದರ ಪಕ್ಕ ಒಂದು ಅಂಟಿಸುತ್ತ ಹೋಗುವುದು. ಇನ್ನೊಂದು 0.000102030405060708…, ಎರಡೆರಡು ಅಂಕಿಯಾಗಿ ಓದಿದರೆ 00, 01, 02, 03. ಒಡಹುಟ್ಟಿದವರ ಹಾಗೆ ಕಾಣುತ್ತವೆ. ಮೊದಲನೆಯದು ಅಭಾಗಲಬ್ಧ: ಅದರೊಳಗೆ 1000, 10000, 100000 ಎಲ್ಲ ಬರುವುದರಿಂದ ಮೇಲಿನ ಸೊನ್ನೆಗಳ ವಾದವೇ ಇಲ್ಲಿಗೂ ಸಾಕು. ಎರಡನೆಯದನ್ನು ನಾನು ಹೇಗೆ ತಯಾರಿಸಿದೆ ಗೊತ್ತೇ? 1ನ್ನು 9801ರಿಂದ ಭಾಗಿಸಿ. ಅದು …95, 96, 97ರ ತನಕ ಶಿಸ್ತಾಗಿ ನಡೆದು, 98ನ್ನು ಹಾರಿಸಿ, 99 ಬರೆದು, ಮತ್ತೆ 00, 01ಕ್ಕೆ ಮರಳುತ್ತದೆ. 198 ಅಂಕಿಯ ಗಾಣ. ನೂರೈವತ್ತು ಅಂಕಿ ನೋಡಿದವನಿಗೂ ಇದರ ಗುಟ್ಟು ತಿಳಿಯುವುದಿಲ್ಲ. 9801 ಎಂದು ಗೊತ್ತಿದ್ದವನಿಗೆ ಒಂದು ಅಂಕಿಯೂ ಬೇಡ.

ಉಲ್ಟಾ ಮೋಸವೂ ಇದೆ. ಗಣಿತದಲ್ಲಿ e ಎಂದು ಬರೆಯುವ ಇ ಎಂಬ ಸಂಖ್ಯೆ ಶುರುವಾಗುವುದು 2.718281828… ಎಂದು. 1828, 1828! ಇಲ್ಲಿಗೆ ನಿಲ್ಲಿಸಿದರೆ ಯಾರೇ ಆದರೂ ಅಡ್ಡಗೆರೆ ಎಳೆಯುತ್ತಾರೆ. ಮುಂದಿನ ಅಂಕಿಗಳು 459045, ಎತ್ತು ಹಗ್ಗ ಕಿತ್ತುಕೊಂಡು ಹೋಗಿರುತ್ತದೆ. ಇ ಅಭಾಗಲಬ್ಧ ಎಂದು ಗಣಿತಜ್ಞ ಆಯ್ಲರ್ 1737ರಲ್ಲೇ ತೋರಿಸಿದ. ಪೈನಲ್ಲಿ 762ನೇ ದಶಮಾಂಶ ಸ್ಥಾನದಿಂದ ಸಾಲಾಗಿ ಆರು 9 ಬರುತ್ತವೆ, ಅದಕ್ಕೂ ಏನೂ ಅರ್ಥವಿಲ್ಲ.

ವರ್ಗಮೂಲ ಬಂದಾಗ

ಪರೀಕ್ಷೆಯಲ್ಲಿ ಅಭಾಗಲಬ್ಧಗಳು ಹೆಚ್ಚಾಗಿ ಬರುವುದು ವರ್ಗಮೂಲದ ವೇಷದಲ್ಲಿ. ಪೂರ್ಣವರ್ಗವಲ್ಲದ ಧನ ಪೂರ್ಣಾಂಕದ ವರ್ಗಮೂಲ ಯಾವಾಗಲೂ ಅಭಾಗಲಬ್ಧ. ಇದನ್ನು ಕಣ್ಣು ಮುಚ್ಚಿ ಬಳಸಬಹುದು. ಆದರೆ ಯಾಕೆ ಎನ್ನುವುದಕ್ಕೆ ದಶಮಾಂಶದಲ್ಲೇ ಒಂದು ಚಂದದ ಉತ್ತರ ಇದೆ.

√2 ಎಲ್ಲೋ ಅಂತ್ಯಗೊಳ್ಳುತ್ತದೆ ಅನ್ನಿ, ಉದಾಹರಣೆಗೆ 1.4142ರಲ್ಲಿ. ಕೊನೆಯ ಅಂಕಿ 2. ವರ್ಗ ಮಾಡಿದರೆ ಕೊನೆಯ ಅಂಕಿ 4 ಬರಲೇಬೇಕು: 1.99996164. ಕೊನೆಯಲ್ಲಿ ಬೇರೆ ಯಾವ ಅಂಕಿ ಇದ್ದರೂ, ಅದು ಸೊನ್ನೆಯಲ್ಲದಿದ್ದರೆ, ವರ್ಗದ ಕೊನೆಗೆ 1, 4, 5, 6, 9 ಇವುಗಳಲ್ಲೊಂದು ಬರುತ್ತದೆಯೇ ಹೊರತು 0 ಬರುವುದಿಲ್ಲ. ಹಾಗಾಗಿ ಪಾಯಿಂಟಿನ ನಂತರದ ಬಾಲ ಅಳಿದು ಶುದ್ಧ 2 ಆಗುವ ಪ್ರಶ್ನೆಯೇ ಇಲ್ಲ. ಅಂತ್ಯಗೊಳ್ಳುವುದಿಲ್ಲ ಎಂದಾಯಿತು. ಮರುಕಳಿಸಬಹುದಲ್ಲ? ಮರುಕಳಿಸಿದರೆ ಅದೊಂದು ಭಿನ್ನರಾಶಿ. ಪೂರ್ತಿ ಸಂಕ್ಷೇಪಿಸಿ, ಅಂಶಕ್ಕೂ ಛೇದಕ್ಕೂ ಸಾಮಾನ್ಯ ಅಪವರ್ತನ ಇಲ್ಲದಂತೆ ಮಾಡಿ. ವರ್ಗ ಮಾಡಿದರೆ ಅದೇ ಅವಿಭಾಜ್ಯಗಳು ಎರಡೆರಡು ಸಲ ಬರುತ್ತವೆ, ಹೊಸಬರು ಯಾರೂ ಬರುವುದಿಲ್ಲ. ಹಾಗಾಗಿ ವರ್ಗದಲ್ಲೂ ಏನೂ ಹೊಡೆದುಹೋಗುವುದಿಲ್ಲ. ಛೇದ 1 ಅಲ್ಲದಿದ್ದರೆ ಉತ್ತರ ಪೂರ್ಣಾಂಕ ಆಗಲಾರದು, 2 ಅಂತೂ ಆಗಲಾರದು.

ಮೂಲದ ಚಿಹ್ನೆ ಕಂಡ ಕೂಡಲೇ ಬೆಚ್ಚುವುದೂ ಬೇಡ. √1.44 ಎಂದರೆ 1.2. √0.4 ಎಂದರೆ 0.2 ಅಲ್ಲ, ಅದು ಅಭಾಗಲಬ್ಧ, 0.632455… ಎಂದು ಹೋಗುತ್ತದೆ. √2 × √8 ಎಂದರೆ √16, ಅಂದರೆ ಸಾದಾ 4. ಅಭಾಗಲಬ್ಧಗಳನ್ನು ಕೂಡಿಸಿದರೆ ಅಭಾಗಲಬ್ಧವೇ ಬರಬೇಕೆಂದೂ ಇಲ್ಲ. ಮೇಲಿನ 0.1010010001… ಇದರಲ್ಲಿ 1 ಇರುವಲ್ಲಿ 0, 0 ಇರುವಲ್ಲಿ 1 ಬರೆದರೆ 0.0101101110… ಸಿಗುತ್ತದೆ. ಅದೂ ಅಭಾಗಲಬ್ಧ. ಎರಡನ್ನೂ ಕೂಡಿಸಿ: 0.1111111111…, ಅಂದರೆ 1/9.

ಪೈ ಮತ್ತು ಅದರ ನೆರಳುಗಳು

"ಪೈ ಅಂದರೆ 22/7, ಅದು ಭಿನ್ನರಾಶಿ, ಹಾಗಾಗಿ ಪೈ ಭಾಗಲಬ್ಧ." ಇದನ್ನು ಓದಿದಷ್ಟು ಸಲ ನಾನು ಬೇರೆ ಯಾವ ವಾಕ್ಯವನ್ನೂ ಓದಿಲ್ಲ. 22/7 ಎಂದರೆ 3.142857142857…, ಪೈ ಎಂದರೆ 3.141592653…, ಮೂರನೇ ದಶಮಾಂಶ ಸ್ಥಾನಕ್ಕೇ ಬೇರೆಯಾದರು. ಆರ್ಯಭಟ 62832ನ್ನು 20000ದಿಂದ ಭಾಗಿಸಲು ಹೇಳಿದ, 3.1416 ಬರುತ್ತದೆ; ಹೇಳುವಾಗಲೇ "ಆಸನ್ನ", ಅಂದರೆ ಹತ್ತಿರದ್ದು, ಎಂಬ ಮಾತನ್ನೂ ಸೇರಿಸಿದ. 355/113 ಇನ್ನೂ ಹತ್ತಿರ, 3.14159292… ಎಂದು ಆರು ಸ್ಥಾನದವರೆಗೆ ಪೈ ಜೊತೆ ಹೆಜ್ಜೆ ಹಾಕುತ್ತದೆ. ಇವೆಲ್ಲ ಭಾಗಲಬ್ಧಗಳು, 355/113 ಆದರೂ 112 ಅಂಕಿಗೊಮ್ಮೆ ತಿರುಗಿ ಬರಲೇಬೇಕು. √2ಕ್ಕೂ ಇಂಥ ನೆರಳಿದೆ: ಯಜ್ಞವೇದಿಕೆ ಅಳೆಯುವ ಪ್ರಾಚೀನ ಗ್ರಂಥವಾದ ಶುಲ್ಬಸೂತ್ರದ ಲೆಕ್ಕ ಕೊಡುವ 577/408 ಅಂದರೆ 1.4142156…, √2 ಅಂದರೆ 1.4142135…. ಐದು ಸ್ಥಾನ ಒಂದೇ. ಮೊದಲ ಐದು ಅಂಕಿ ಮಾತ್ರ ಕೊಟ್ಟರೆ ಯಾವುದು ಯಾರು ಎಂದು ನಾನಾದರೂ ಹೇಗೆ ಹೇಳಲಿ?

ಪೈ ಅಭಾಗಲಬ್ಧ ಎಂದು ಗೊತ್ತಾದದ್ದು ಅಂಕಿ ಎಣಿಸಿ ಅಲ್ಲ. 2022ರಲ್ಲಿ ಅದರ 100 ಲಕ್ಷ ಕೋಟಿ ಅಂಕಿಗಳನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು, ಆಮೇಲೆ ಇನ್ನೂ ಮುಂದೆ ಹೋಗಿದ್ದಾರೆ. ಆವರ್ತ ಅದಕ್ಕಿಂತ ಉದ್ದ ಇರಬಾರದೇಕೆ ಎಂದು ಕೇಳಿದರೆ ಆ ಅಂಕಿಗಳ ಹತ್ತಿರ ಉತ್ತರವಿಲ್ಲ. ಉತ್ತರ 18ನೇ ಶತಮಾನದ್ದು. ಲ್ಯಾಂಬರ್ಟ್ ಎಂಬಾತ 1761ರಲ್ಲಿ, ಪೈ ಯಾವ ಭಿನ್ನರಾಶಿಯೂ ಆಗಲಾರದು ಎಂದು ತರ್ಕದಿಂದ ಸಾಧಿಸಿದ. ಹಾಗೆ ಸಾಧಿಸಿದ್ದರಿಂದಲೇ ಅದು ಮರುಕಳಿಸುವುದಿಲ್ಲ ಎಂದು ನಾವು ಧೈರ್ಯವಾಗಿ ಹೇಳುತ್ತೇವೆ.

ಈಗ ನನ್ನ ಕಿರುಪರೀಕ್ಷೆಯಲ್ಲಿ ಎರಡಲ್ಲ, ಮೂರು ಕಾಲಂ ಇರುತ್ತವೆ: ಭಾಗಲಬ್ಧ, ಅಭಾಗಲಬ್ಧ, ಹೇಳಲು ಬರುವುದಿಲ್ಲ. ಮೂರನೆಯದರಲ್ಲಿ ಬರೆದರೆ ಕಾರಣವನ್ನೂ ಬರೆಯಬೇಕು. ಕಳೆದ ಸಲ ಕೊಟ್ಟ ಸಂಖ್ಯೆಗಳಲ್ಲಿ ಒಂದು 1.2020569…, ಬೇರೆ ವಿವರ ಇಲ್ಲ. ಹಲವರು 20, 20 ನೋಡಿ ಭಾಗಲಬ್ಧದ ಕೆಳಗೆ ಬರೆದರು. ಒಬ್ಬ ಹುಡುಗ ಮೂರನೇ ಕಾಲಂನಲ್ಲಿ ಬರೆದು ಪಕ್ಕದಲ್ಲಿ "ಚುಕ್ಕಿ ಮಾತ್ರ ಇದೆ, ಎಲ್ಲಿಂದ ಬಂತು ಹೇಳಿಲ್ಲ" ಎಂದಿದ್ದ. ಪೂರ್ತಿ ಅಂಕ ಕೊಟ್ಟೆ. ಆಮೇಲೆ ಎಲ್ಲಿಂದ ಬಂತು ಎಂದೂ ಹೇಳಿದೆ: 1, 1/8, 1/27, 1/64 ಹೀಗೆ ಘನಗಳ ವಿಲೋಮಗಳನ್ನು ಕೊನೆಯಿಲ್ಲದೆ ಕೂಡಿಸಿದರೆ ಬರುವ ಸಂಖ್ಯೆ ಅದು, ಅಭಾಗಲಬ್ಧ ಎಂದು ಅಪೆರಿ ಎಂಬ ಫ್ರೆಂಚ್ ಗಣಿತಜ್ಞ 1978ರಲ್ಲಿ ತೋರಿಸುವವರೆಗೆ ಜಗತ್ತಿನಲ್ಲಿ ಯಾರೂ ಅದನ್ನು ಸಾಧಿಸಿರಲಿಲ್ಲ.

"ಹಾಗಾದರೆ ಈಗಲೂ ಮೂರನೇ ಕಾಲಂನಲ್ಲೇ ಇರೋದು ಯಾವುದಾದರೂ ಇದೆಯಾ?" ಎಂದು ಅವನೇ ಕೇಳಿದ. ಪೈಗೆ ಇ ಕೂಡಿಸು ಅಂದೆ. ಕ್ಯಾಲ್ಕುಲೇಟರಿನಲ್ಲಿ ಒತ್ತಿದ, 5.859874482 ಬಂತು. ಅದನ್ನು ಮೂರನೇ ಕಾಲಂನಲ್ಲಿ ಬರೆದು, ಕಾರಣದ ಜಾಗದಲ್ಲಿ "ಇನ್ನೂ ಯಾರಿಗೂ ಗೊತ್ತಿಲ್ಲ" ಎಂದು ಸೇರಿಸಿದ.